ಟೆಟ್ರಾಮರ್ ಮಾಡಿ ಎಚ್‌ಪಿವಿ ಟಿ ಸೆಲ್ ಹಿಡಿಯುವುದು ಹೇಗೆ?

10 ಮಿಲೀ ರಕ್ತ ನಿಮ್ಮ ಕೈಗೆ ಬಂದಿದೆ ಅಂದುಕೊಳ್ಳಿ. ರಕ್ತದ ಕಣಗಳನ್ನು ಬೇರ್ಪಡಿಸುವ ಫೈಕಾಲ್ ದ್ರವದ ಮೇಲೆ ಹಾಕಿ ತಿರುಗಿಸಿದರೆ ಸುಮಾರು ಒಂದು ಕೋಟಿ ಬಿಳಿ ಕಣಗಳು ಸಿಗುತ್ತವೆ. ಅವುಗಳಲ್ಲಿ ಸಿಡಿ8 ಟಿ ಸೆಲ್‌ಗಳು, ಅಂದರೆ ವೈರಸ್ ಹೊಕ್ಕ ಜೀವಕೋಶಗಳನ್ನು ಗುರುತಿಸಿ ಕೊಲ್ಲುವ ಕಣಗಳು, ಹೆಚ್ಚುಕಮ್ಮಿ 20 ಲಕ್ಷ. ನೀವು ಹುಡುಕುತ್ತಿರುವ, ಒಂದು ವೈರಸ್ಸನ್ನು ಮಾತ್ರ ಗುರುತಿಸುವ ಟಿ ಸೆಲ್ ಇವುಗಳಲ್ಲಿ 10,000ಕ್ಕೆ ಒಂದು ಇದ್ದರೆ, ಇಡೀ ಟ್ಯೂಬಿನಲ್ಲಿ ಅಂಥವು 200. ನೋಡಲು ಎಲ್ಲವೂ ಒಂದೇ ಥರ. ಆ 200ಕ್ಕೆ ಮಾತ್ರ ಬಣ್ಣ ಹಚ್ಚುವ ಸಾಧನವೇ ಟೆಟ್ರಾಮರ್.

ಇಲ್ಲಿ ನಾನು ಹಿಡಿದಿರುವ ಉದಾಹರಣೆ ಗರ್ಭಕಂಠದ ಕ್ಯಾನ್ಸರ್ ತರುವ ಎಚ್‌ಪಿವಿ-16 ವೈರಸ್. ಹೆಪಟೈಟಿಸ್ ಬಿ ವೈರಸ್ಸಿನಿಂದ ಬರುವ ಲಿವರ್ ಕ್ಯಾನ್ಸರ್, ಎಪ್‌ಸ್ಟೈನ್-ಬಾರ್ ವೈರಸ್ಸಿನ ಮೂಗಿನ ಹಿಂಭಾಗದ ಕ್ಯಾನ್ಸರ್, ಇವಕ್ಕೂ ದಾರಿ ಇದೇ. ಪೆಪ್ಟೈಡ್, ಅಂದರೆ ವೈರಸ್ ಪ್ರೋಟೀನಿನ ಚೂರು, ಮಾತ್ರ ಬದಲಾಗುತ್ತದೆ.

ಮೊದಲೇ ಒಂದು ಮಾತು. ಮನೆಯವರಿಗೆ ಈ ಪರೀಕ್ಷೆ ಎಲ್ಲಿ ಮಾಡಿಸಬಹುದು ಅಂತ ಹುಡುಕುತ್ತಾ ಬಂದಿದ್ದರೆ, ಇದು ನಿಮಗಲ್ಲ. ಇದು ಸಂಶೋಧನೆಯ ಸಾಧನ, ರೋಗ ಪತ್ತೆಯದ್ದಲ್ಲ. ಗರ್ಭಕಂಠದ ತಪಾಸಣೆಗೆ ಪ್ಯಾಪ್ ಟೆಸ್ಟ್ ಮತ್ತು ಎಚ್‌ಪಿವಿ ಟೆಸ್ಟ್ ಇವೆ. ಅದಕ್ಕೆ ಹೆರಿಗೆ-ಸ್ತ್ರೀರೋಗ ವೈದ್ಯರ ಹತ್ತಿರ ಹೋಗಿ. ಲ್ಯಾಬಿಗೆ ಹೊಸದಾಗಿ ಸೇರಿದ ಎಂಎಸ್ಸಿ, ಪಿಎಚ್‌ಡಿ ಹುಡುಗ ಹುಡುಗಿಯರು ಮುಂದೆ ಓದಿ.

ಇದು ಏನು, ಯಾಕೆ ನಾಲ್ಕು

ನಮ್ಮ ಹೆಚ್ಚುಕಮ್ಮಿ ಪ್ರತಿಯೊಂದು ಜೀವಕೋಶವೂ ಒಳಗಿನ ಪ್ರೋಟೀನ್‌ಗಳನ್ನು ಚೂರು ಮಾಡಿ, ಆ ಚೂರುಗಳನ್ನು ಹೊರಮೈ ಮೇಲೆ ತೋರಿಸುತ್ತಾ ಇರುತ್ತದೆ. ತೋರಿಸುವ ತಟ್ಟೆ ಎಚ್‌ಎಲ್‌ಎ ಅನ್ನುವ ಪ್ರೋಟೀನ್. ಅದರ ತಲೆಯ ಮೇಲೆ ಒಂದು ಸಣ್ಣ ಹಳ್ಳ. ಆ ಹಳ್ಳದಲ್ಲಿ 8ರಿಂದ 10 ಅಮೈನೋ ಆಮ್ಲಗಳ ಪೆಪ್ಟೈಡ್ ಮಲಗಿರುತ್ತದೆ. ಕೆಳಗೆ ಊರುಗೋಲಿನಂತೆ ಬೀಟಾ-2 ಮೈಕ್ರೊಗ್ಲಾಬ್ಯುಲಿನ್ ಅನ್ನುವ ಚಿಕ್ಕ ಪ್ರೋಟೀನ್. ಲ್ಯಾಬಿನಲ್ಲಿ ಬಾಯಿ ಬಿಟ್ಟು ಇಷ್ಟು ಉದ್ದ ಹೇಳುವವರಿಲ್ಲ, ಬೀಟಾ-2ಎಂ ಅಂದರೆ ಸಾಕು. ಮೂರೂ ಸೇರಿದರೆ ಸುಮಾರು 45 ಕಿಲೋಡಾಲ್ಟನ್. ಟಿ ಸೆಲ್ ಬಂದು ತಟ್ಟೆಯನ್ನೂ ತಟ್ಟೆಯಲ್ಲಿರುವುದನ್ನೂ ಒಟ್ಟಿಗೆ ನೋಡುತ್ತದೆ.

ಈ ಮೂವರನ್ನು ಲ್ಯಾಬಿನಲ್ಲಿ ತಯಾರಿಸಿ ಜೋಡಿಸಿ, ಬಣ್ಣ ಹಚ್ಚಿ ಟಿ ಸೆಲ್‌ಗೆ ತೋರಿಸಿದರೆ ಮುಗಿಯಿತಲ್ಲ ಅನಿಸಬಹುದು. ಮುಗಿಯುವುದಿಲ್ಲ. ಟಿ ಸೆಲ್ ಹಿಡಿತ ತುಂಬ ದುರ್ಬಲ. ಹಿಡಿದು ಕೆಲವು ಸೆಕೆಂಡಿನಲ್ಲಿ ಬಿಟ್ಟುಬಿಡುತ್ತದೆ. ಹೊಲದ ಬದುವಿನಲ್ಲಿ ನಡೆದಾಗ ಪಂಚೆಗೆ ಉತ್ತರಾಣಿ ಅಂಟುತ್ತದಲ್ಲ, ಒಂದು ಬೀಜ ಕೊಡವಿದರೆ ಬೀಳುತ್ತದೆ. ಇಡೀ ತೆನೆ ಅಂಟಿದರೆ ಕಿತ್ತರೂ ಬರುವುದಿಲ್ಲ. 1996ರಲ್ಲಿ ಸ್ಟಾನ್‌ಫರ್ಡ್‌ನ ಜಾನ್ ಆಲ್ಟ್‌ಮನ್, ಮಾರ್ಕ್ ಡೇವಿಸ್ ಮತ್ತು ಜೊತೆಗಾರರು ಈ ಕೆಲಸ ಮಾಡಿದರು. ಸ್ಟ್ರೆಪ್ಟಾವಿಡಿನ್ ಪ್ರೋಟೀನ್‌ಗೆ ಬಯೋಟಿನ್ ಅನ್ನುವ ವಿಟಮಿನ್ ಹಿಡಿಯುವ ನಾಲ್ಕು ಜಾಗ ಇವೆ. ಒಂದೊಂದಕ್ಕೂ ಬಯೋಟಿನ್ ಹಚ್ಚಿದ ಒಂದು ಎಚ್‌ಎಲ್‌ಎ ಜೋಡಿಸಿದರು. ನಾಲ್ಕು, ಅಂದರೆ ಟೆಟ್ರಾ. ಹೆಸರು ಬಂದದ್ದು ಹೀಗೆ.

ಮೊದಲ ಹೆಜ್ಜೆ: ಪ್ರೋಟೀನ್ ಅಲ್ಲ, ಮನುಷ್ಯರ ಎಚ್‌ಎಲ್‌ಎ

ಹೆಚ್ಚಿನವರು ಎಡವುವುದು ಇಲ್ಲೇ. ನಾನೂ ಎಡವಿದ್ದೇನೆ.

ಎಚ್‌ಎಲ್‌ಎ ಒಬ್ಬೊಬ್ಬರಲ್ಲಿ ಒಂದೊಂದು ಬಗೆ, ಬಗೆಗೊಂದು ಸಂಖ್ಯೆ. ಪ್ರಕಟವಾದ ಟೆಟ್ರಾಮರ್ ಕೆಲಸದಲ್ಲಿ ದೊಡ್ಡ ಪಾಲು ಎಚ್‌ಎಲ್‌ಎ-ಎ*02:01 ಅನ್ನುವ ಬಗೆಯ ಮೇಲೆ ಆಗಿದೆ. ಕಾರಣ ಸರಳ, ಯುರೋಪ್ ಮೂಲದವರಲ್ಲಿ ಅದು ತುಂಬ ಸಾಮಾನ್ಯ. ನಮ್ಮ ದೇಶದಲ್ಲಿ ಚಿತ್ರ ಬೇರೆ. ಇಲ್ಲೂ ಎ2 ಗುಂಪಿನವರು ಇದ್ದಾರೆ, ಆದರೆ ಅವರಲ್ಲಿ ಎ*02:11 ಥರದ ತಮ್ಮ ತಂಗಿಯರು ಜಾಸ್ತಿ ಸಿಗುತ್ತಾರೆ. ಎ*11:01, ಎ*24:02, ಎ*33:03 ಕೂಡ ಇಲ್ಲಿ ಸಾಮಾನ್ಯ.

ನಾನು ಮಾಡಿದ ತಪ್ಪು ಇದು. ಬಿಬಿ7.2 ಅನ್ನುವ ಆಂಟಿಬಾಡಿ ಹಾಕಿ, ಫ್ಲೋ ಸೈಟೋಮೀಟರಿನಲ್ಲಿ (ಸೆಲ್‌ಗಳ ಬಣ್ಣ ಅಳೆದು ಒಂದೊಂದನ್ನೂ ಚುಕ್ಕಿಯಾಗಿ ತೋರಿಸುವ ಮೆಷೀನ್) 'ಎ2 ಇದೆ' ಅಂತ ಬಂದವರ ಮಾದರಿಗಳನ್ನೆಲ್ಲ ಆರಿಸಿಕೊಂಡೆ. ಮೂರು ತಿಂಗಳು ಸ್ಟೇನ್ ಮಾಡಿದೆ. ಖಾಲಿ. ಟೆಟ್ರಾಮರ್ ಕೆಟ್ಟಿದೆ ಅಂತ ಹೊಸದು ಮಾಡಿದೆ. ಮತ್ತೂ ಖಾಲಿ. ಕೊನೆಗೆ ಡಿಎನ್‌ಎ ಮಟ್ಟದಲ್ಲಿ ಟೈಪಿಂಗ್ ಮಾಡಿಸಿದಾಗ ಗೊತ್ತಾಯಿತು, ಅರ್ಧಕ್ಕಿಂತ ಹೆಚ್ಚು ಮಂದಿ 02:01 ಅಲ್ಲವೇ ಅಲ್ಲ. ಬಿಬಿ7.2ಗೆ ಎ2 ಕುಟುಂಬದ ಅಣ್ಣ ತಮ್ಮಂದಿರಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಟಿ ಸೆಲ್‌ಗೆ ಕಾಣಬಹುದು. ಒಂದೆರಡು ಅಮೈನೋ ಆಮ್ಲ ಬೇರೆ ಇದ್ದರೂ ಸಾಕು, ಪೆಪ್ಟೈಡ್ ಬೇರೆ ರೀತಿ ಕೂರಬಹುದು, ಕೂರದೆಯೂ ಇರಬಹುದು. ಆಗ ಬಂದ 'ಇಲ್ಲ' ಅನ್ನುವ ಉತ್ತರಕ್ಕೆ ಅರ್ಥವೇ ಇರುವುದಿಲ್ಲ.

ಹಾಗಾಗಿ ಆಂಟಿಬಾಡಿ ಪರೀಕ್ಷೆಯನ್ನು ಮೊದಲ ಜರಡಿಯಾಗಿ ಮಾತ್ರ ಇಟ್ಟುಕೊಳ್ಳಿ. ಅದರಲ್ಲಿ ಉಳಿದವರಿಗೆ ನಾಲ್ಕು ಅಂಕಿಯ ತನಕ ಟೈಪಿಂಗ್ ಮಾಡಿಸಿ. ದುಡ್ಡು ಹೋಗುತ್ತದೆ, ನಿಜ. ಮೂರು ತಿಂಗಳ ಕೆಲಸ ಹೋಗುವುದಕ್ಕಿಂತ ಅಗ್ಗ. ನಿಮ್ಮ ಮಾದರಿಗಳಲ್ಲಿ ಎ*11:01 ಜಾಸ್ತಿ ಬಂದರೆ, ಅದಕ್ಕೇ ಟೆಟ್ರಾಮರ್ ಮಾಡುವುದು ಜಾಣತನ. ಪರದೇಶದ ಪೇಪರಿನಲ್ಲಿ 02:01 ಇದೆ ಅಂತ ನಾವೂ ಅದಕ್ಕೇ ಜೋತುಬೀಳಬೇಕಿಲ್ಲ.

ರಕ್ತ ತೆಗೆಯುವ ಮೊದಲು ಎಥಿಕ್ಸ್ ಕಮಿಟಿ ಒಪ್ಪಿಗೆ, ಬ್ಯಾಕ್ಟೀರಿಯಾದಲ್ಲಿ ಜೀನ್ ಹಾಕುವ ಮೊದಲು ಸಂಸ್ಥೆಯ ಬಯೋಸೇಫ್ಟಿ ಕಮಿಟಿ ಒಪ್ಪಿಗೆ. ಎರಡೂ ಕಾಗದಗಳನ್ನು ಒಟ್ಟಿಗೇ ಹಾಕಿ. ಒಂದರ ಹಿಂದೆ ಒಂದು ಹಾಕಿದರೆ ವರ್ಷ ಕಳೆಯುತ್ತದೆ.

ಪೆಪ್ಟೈಡ್ ಆರಿಸುವುದು

ಎಚ್‌ಪಿವಿ-16ನ್ನು ಗರ್ಭಕಂಠದ ಗಡ್ಡೆಗಳಲ್ಲಿ ಹರಾಲ್ಡ್ ಸುರ್ ಹೌಸೆನ್ ತಂಡ 1983ರಲ್ಲಿ ಗುರುತಿಸಿತು. 2008ರಲ್ಲಿ ಅವರಿಗೆ ನೊಬೆಲ್ ಬಂತು. 16 ಮತ್ತು 18, ಈ ಎರಡು ಬಗೆಗಳೇ ಗರ್ಭಕಂಠದ ಕ್ಯಾನ್ಸರಿನ ಸುಮಾರು 70 ಶೇಕಡಕ್ಕೆ ಕಾರಣ. 2022ರ ಅಂದಾಜಿನಂತೆ ಭಾರತದಲ್ಲಿ ಒಂದೇ ವರ್ಷದಲ್ಲಿ ಸುಮಾರು 1.27 ಲಕ್ಷ ಹೆಂಗಸರಿಗೆ ಈ ಕ್ಯಾನ್ಸರ್ ಬಂದಿದೆ. ಲಸಿಕೆ ಇದ್ದೂ ಇದನ್ನೆಲ್ಲ ಯಾಕೆ ಮಾಡಬೇಕು ಅಂತ ಕೇಳುವವರಿಗೆ ಉತ್ತರ: ಲಸಿಕೆ ವೈರಸ್ಸಿನ ಹೊರ ಚಿಪ್ಪಿನ ಎಲ್1 ಪ್ರೋಟೀನ್ ಮೇಲೆ ನಿಂತಿದೆ. ಸೋಂಕು ತಡೆಯಲು ಅದು ಚೆನ್ನ. ಆದರೆ ಗಡ್ಡೆಯ ಜೀವಕೋಶದಲ್ಲಿ ಎಲ್1 ಇರುವುದಿಲ್ಲ. ಇರುವುದು ವೈರಸ್ಸಿನ ಇ6 ಮತ್ತು ಇ7 ಪ್ರೋಟೀನ್‌ಗಳು. ಪಿ53 ಮತ್ತು ಆರ್‌ಬಿ ಗಡ್ಡೆ ಬೆಳೆಯದಂತೆ ತಡೆಯುವ ನಮ್ಮದೇ ಪ್ರೋಟೀನ್‌ಗಳು. ಇ6 ಪ್ರೋಟೀನ್ ಪಿ53ಯನ್ನು ಕೆಡಿಸುತ್ತದೆ, ಇ7 ಆರ್‌ಬಿಯನ್ನು ಕಟ್ಟಿಹಾಕುತ್ತದೆ. ಇವೆರಡನ್ನೂ ಬಿಟ್ಟುಕೊಟ್ಟರೆ ಗಡ್ಡೆಗೆ ಬದುಕಿಲ್ಲ. ಆದ್ದರಿಂದ ಬೇಟೆಗೆ ಅವೇ ಸರಿಯಾದ ಗುರಿ.

ಎ*02:01ಗೆ ಎಲ್ಲರೂ ಬಳಸುವುದು ಇ7ರ 11ರಿಂದ 19ನೇ ಅಮೈನೋ ಆಮ್ಲದ ತುಂಡು: ವೈ-ಎಂ-ಎಲ್-ಡಿ-ಎಲ್-ಕ್ಯೂ-ಪಿ-ಇ-ಟಿ (ಒಂದೊಂದು ಅಕ್ಷರ ಒಂದೊಂದು ಅಮೈನೋ ಆಮ್ಲ). ಇದು ಬರೀ ಪೇಪರಿನ ಮೇಲಿನ ಪೆಪ್ಟೈಡ್ ಅಲ್ಲ. ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯಲ್ಲಿ ಇದನ್ನೇ ಗುರುತಿಸುವ ಟಿ ಸೆಲ್ ರಿಸೆಪ್ಟರ್ ಅನ್ನು ರೋಗಿಗಳ ಟಿ ಸೆಲ್‌ಗಳಿಗೆ ಹಾಕಿ ವಾಪಸ್ ಕೊಟ್ಟರು. 2021ರಲ್ಲಿ ಪ್ರಕಟವಾದ ಆ ಪ್ರಯೋಗದಲ್ಲಿ 12 ಜನರಲ್ಲಿ 6 ಮಂದಿಯ ಗಡ್ಡೆ ಕುಗ್ಗಿತು.

ಪೆಪ್ಟೈಡ್ ಆರ್ಡರ್ ಮಾಡುವಾಗ 95 ಶೇಕಡಕ್ಕಿಂತ ಶುದ್ಧ ಇರುವುದನ್ನೇ ಕೇಳಿ. ಇದರಲ್ಲಿ ಎಂ, ಅಂದರೆ ಮೆಥಿಯೋನಿನ್ ಇದೆ. ಗಾಳಿ ತಾಗಿದರೆ ಆಕ್ಸಿಡೈಸ್ ಆಗುತ್ತದೆ. ಡಿಎಂಎಸ್‌ಒನಲ್ಲಿ ಕರಗಿಸಿ, ಒಂದು ಸಲಕ್ಕೆ ಸಾಕಾಗುವಷ್ಟು ಸಣ್ಣ ಪಾಲು ಮಾಡಿ ಮೈನಸ್ 80ರಲ್ಲಿ ಇಡಿ. ಅದೇ ಟ್ಯೂಬನ್ನು ಹತ್ತು ಸಲ ಕರಗಿಸಿ ಹೆಪ್ಪುಗಟ್ಟಿಸಬೇಡಿ. ಇನ್ನೊಂದು ವಿಷಯ. ಎ2ರ ಹಳ್ಳಕ್ಕೆ 9ನೇ ಜಾಗದಲ್ಲಿ ವಿ ಅಥವಾ ಎಲ್ ಇದ್ದರೆ ಇಷ್ಟ. ಇಲ್ಲಿ ಟಿ ಇದೆ. ಹಾಗಾಗಿ ಇಳುವರಿ ಬಗ್ಗೆ ದೊಡ್ಡ ಆಸೆ ಬೇಡ. ಕೈ ಪಳಗಿಸಿಕೊಳ್ಳಲು ಮೊದಲ ಸಲ ಸೈಟೋಮೆಗಲೋವೈರಸ್ಸಿನ ಎನ್-ಎಲ್-ವಿ-ಪಿ-ಎಂ-ವಿ-ಎ-ಟಿ-ವಿ ಹಾಕಿ ಮಾಡಿ. ಅದು ಸಾಧು ಹಸು ಇದ್ದ ಹಾಗೆ, ಒದೆಯುವುದಿಲ್ಲ.

ಕೊಳ್ಳಬೇಕಾ, ಮಾಡಬೇಕಾ?

ಒಂದೇ ಪೆಪ್ಟೈಡ್, ಹತ್ತು ಮಾದರಿ ಅಂದರೆ ಕೊಳ್ಳಿ. ಅಟ್ಲಾಂಟಾದ ಎಮೊರಿ ವಿಶ್ವವಿದ್ಯಾಲಯದಲ್ಲಿರುವ ಎನ್‌ಐಎಚ್ ಟೆಟ್ರಾಮರ್ ಕೋರ್ ವರ್ಷಗಟ್ಟಲೆಯಿಂದ ಸಂಶೋಧಕರಿಗೆ ಮಾಡಿಕೊಡುತ್ತಾ ಬಂದಿದೆ. ಕಂಪನಿಗಳೂ ಇವೆ. ಹೊರದೇಶದಿಂದ ತರಿಸುವಾಗ ಗುರುವಾರ, ಶುಕ್ರವಾರ ಕಳಿಸಬೇಡಿ ಅಂತ ಬರೆದು ತಿಳಿಸಿ. ವಾರಾಂತ್ಯಕ್ಕೆ ಕಾರ್ಗೋ ಗೋದಾಮಿನಲ್ಲಿ ಸಿಕ್ಕಿಬಿದ್ದರೆ ಐಸ್ ಪ್ಯಾಕ್ ಕರಗಿ, ಸೋಮವಾರ ಬೆಚ್ಚಗಿನ ಡಬ್ಬ ಕೈಗೆ ಬರುತ್ತದೆ.

ಹಲವು ಪೆಪ್ಟೈಡ್ ಪರೀಕ್ಷಿಸಬೇಕಿದ್ದರೆ ಇನ್ನೊಂದು ದಾರಿ ಇದೆ. ನೇರಳಾತೀತ ಬೆಳಕು ಬಿದ್ದರೆ ತುಂಡಾಗುವ ಪೆಪ್ಟೈಡ್ ಹಾಕಿ ಒಂದೇ ದೊಡ್ಡ ಬ್ಯಾಚ್ ಮಾಡಿಟ್ಟುಕೊಳ್ಳುವುದು. ಆಮೇಲೆ 365 ನ್ಯಾನೋಮೀಟರ್ ಬೆಳಕು ಬಿಟ್ಟು, ಹಳ್ಳ ಖಾಲಿಯಾದಾಗ ಬೇಕಾದ ಪೆಪ್ಟೈಡ್ ಕೂರಿಸುವುದು. ನೆದರ್ಲೆಂಡ್ಸ್‌ನ ಟಾನ್ ಶುಮಾಕರ್ ತಂಡ 2006ರಲ್ಲಿ ಇದನ್ನು ತೋರಿಸಿತು. ಒಂದು ಮಧ್ಯಾಹ್ನದಲ್ಲಿ ಲ್ಯಾಬಿನ ಇಡೀ ಗುಂಡಿ ಪ್ಲೇಟಿನಷ್ಟು, ಬೇರೆ ಬೇರೆ ಪೆಪ್ಟೈಡ್ ಇರುವ ಎಚ್‌ಎಲ್‌ಎ ತಯಾರು. ಆದರೆ ಮೂಲ ಬ್ಯಾಚ್ ಮಾಡಲು ಕೆಳಗಿನ ಕೆಲಸ ಬರಲೇಬೇಕು.

ಎರಡು ಪ್ರೋಟೀನ್ ಬೆಳೆಸುವುದು

ಎಚ್‌ಎಲ್‌ಎಯ ದೊಡ್ಡ ತುಂಡಿಗೆ ಹೆವಿ ಚೈನ್ ಅನ್ನುತ್ತಾರೆ, ಅದರ ಹೊರಭಾಗ ಮಾತ್ರ ಸಾಕು. ಪೊರೆಯೊಳಗೆ ಹೋಗುವ ಬಾಲ ಬೇಡ. ಬಾಲದ ಜಾಗದಲ್ಲಿ 15 ಅಮೈನೋ ಆಮ್ಲದ ಅವಿಟ್ಯಾಗ್ ಇರಬೇಕು. ಬಯೋಟಿನ್ ಅಂಟುವುದು ಅದರ ಒಂದೇ ಒಂದು ಲೈಸಿನ್ ಮೇಲೆ. ಬೀಟಾ-2ಎಂ ಬೇರೆ ಪ್ಲಾಸ್ಮಿಡ್‌ನಲ್ಲಿ. ಎರಡನ್ನೂ ಬೇರೆ ಬೇರೆ ಫ್ಲಾಸ್ಕಿನಲ್ಲಿ, ಬಿಎಲ್21(ಡಿಇ3) ಇ. ಕೋಲೈನಲ್ಲಿ ಬೆಳೆಸಿ. 37 ಡಿಗ್ರಿ, ಬೆಳವಣಿಗೆಯ ಅಳತೆ (ಓಡಿ) 0.6 ಮುಟ್ಟಿದಾಗ ಜೀನ್ ಚಾಲೂ ಮಾಡುವ ಐಪಿಟಿಜಿ 0.5 ಮಿಲಿಮೋಲಾರ್, ಆಮೇಲೆ ನಾಲ್ಕು ಗಂಟೆ.

ಎರಡೂ ಕರಗದೆ ಇನ್‌ಕ್ಲೂಶನ್ ಬಾಡಿಯಾಗಿ ಮುದ್ದೆಗಟ್ಟುತ್ತವೆ. ಬೇರೆ ಪ್ರೋಟೀನ್ ಮಾಡುವವರಿಗೆ ಇದು ತಲೆನೋವು, ನಮಗೆ ವರ. ಬ್ಯಾಕ್ಟೀರಿಯಾ ಒಡೆದು, ಟ್ರೈಟಾನ್ ಎಕ್ಸ್-100 ಇರುವ ಬಫರಿನಲ್ಲಿ ಮೂರು ನಾಲ್ಕು ಸಲ ತೊಳೆದರೆ ಸಾಕು, ಬಹುಪಾಲು ಶುದ್ಧ ಪ್ರೋಟೀನ್ ಸಿಗುತ್ತದೆ. ಕಂದು ಬಣ್ಣ ಹೋಗಿ ಸುಣ್ಣದಂಥ ಬಿಳಿ ಬರುವ ತನಕ ತೊಳೆಯಿರಿ. ಕೊನೆಯ ತೊಳೆತ ಟ್ರೈಟಾನ್ ಇಲ್ಲದ ಬಫರಿನಲ್ಲಿ. ಅದು ಉಳಿದರೆ ಮುಂದೆ ಕಾಟ ಕೊಡುತ್ತದೆ.

ಆಮೇಲೆ 8 ಮೋಲಾರ್ ಯೂರಿಯಾದಲ್ಲಿ ಕರಗಿಸಿ, ಸ್ವಲ್ಪ ಡಿಟಿಟಿ ಹಾಕಿ. ಯೂರಿಯಾ ದ್ರಾವಣ ಅವತ್ತೇ ಮಾಡಿದ್ದಿರಲಿ, ಪ್ರೋಟೀನ್ ಹಾಕಿದ ಮೇಲೆ ಬಿಸಿ ಮಾಡಬೇಡಿ. ಹಳೆಯ, ಬಿಸಿಯಾದ ಯೂರಿಯಾ ಪ್ರೋಟೀನ್‌ನ ಲೈಸಿನ್‌ಗಳಿಗೆ ಅಂಟಿ ಕೆಡಿಸುತ್ತದೆ. ಅವಿಟ್ಯಾಗ್‌ನ ಲೈಸಿನ್ ಕೆಟ್ಟರೆ ಬಯೋಟಿನ್‌ಗೆ ಜಾಗವೇ ಇಲ್ಲ. ಕರಗಿದ್ದನ್ನು ಅಳೆದು, ಪಾಲು ಮಾಡಿ ಮೈನಸ್ 80ಕ್ಕೆ.

ಮಡಿಸುವುದು: ಮುದ್ದೆ ತಿರುವುವ ತಾಳ್ಮೆ

ಒಂದು ಲೀಟರ್ ಬಫರಿಗೆ ಲೆಕ್ಕ ಕೊಡುತ್ತೇನೆ.

ಟ್ರಿಸ್ 100 ಮಿಲಿಮೋಲಾರ್, ಪಿಎಚ್ 8.0. ಆರ್ಜಿನೀನ್ ಹೈಡ್ರೊಕ್ಲೋರೈಡ್ 400 ಮಿಲಿಮೋಲಾರ್, ಅಂದರೆ 84 ಗ್ರಾಂ. ಇಡಿಟಿಎ 2 ಮಿಲಿಮೋಲಾರ್. ರಿಡ್ಯೂಸ್ಡ್ ಗ್ಲುಟಾಥಯೋನ್ 5 ಮಿಲಿಮೋಲಾರ್, 1.5 ಗ್ರಾಂ. ಆಕ್ಸಿಡೈಸ್ಡ್ ಗ್ಲುಟಾಥಯೋನ್ 0.5 ಮಿಲಿಮೋಲಾರ್, 0.3 ಗ್ರಾಂ. ಪಿಎಂಎಸ್‌ಎಫ್ 0.2 ಮಿಲಿಮೋಲಾರ್, ಪ್ರೋಟೀನ್ ಹಾಕುವ ಮುಂಚೆ. ಪಿಎಂಎಸ್‌ಎಫ್ ವಿಷ, ಗ್ಲೌಸ್ ಬೇಕೇ ಬೇಕು.

ಆರ್ಜಿನೀನ್ ಇರುವುದು ಅರೆಮಡಿಸಿದ ಪ್ರೋಟೀನ್‌ಗಳು ಒಂದಕ್ಕೊಂದು ಅಂಟದಂತೆ ನೋಡಿಕೊಳ್ಳಲು. ಎರಡು ಬಗೆ ಗ್ಲುಟಾಥಯೋನ್ ಯಾಕೆ ಅಂದರೆ, ಹೆವಿ ಚೈನ್‌ನಲ್ಲಿ ಎರಡು, ಬೀಟಾ-2ಎಂನಲ್ಲಿ ಒಂದು ಗಂಧಕದ ಕೊಂಡಿ ಸರಿಯಾದ ಜೋಡಿಯಲ್ಲಿ ಬೀಳಬೇಕು. ತಪ್ಪು ಕೊಂಡಿ ಬಿದ್ದರೆ ಬಿಚ್ಚಿ ಮತ್ತೆ ಹಾಕಲು ಅವಕಾಶ ಬೇಕಲ್ಲ, ಅದಕ್ಕೆ. ಪಿಎಚ್ ನೋಡುವುದು ಬಫರ್ ತಣ್ಣಗಾದ ಮೇಲೆ. ಟ್ರಿಸ್ ತಣ್ಣಗಾದಂತೆ ಪಿಎಚ್ ಏರುತ್ತದೆ. ರೂಮಿನಲ್ಲಿ 8.0 ಇದ್ದದ್ದು ಕೋಲ್ಡ್ ರೂಮಿನಲ್ಲಿ 8.4 ದಾಟಿರುತ್ತದೆ.

ಈಗ ಸರದಿ. ಮೊದಲು ಪೆಪ್ಟೈಡ್, 10ರಿಂದ 30 ಮಿಗ್ರಾಂ. ನಂತರ ಬೀಟಾ-2ಎಂ, ಸುಮಾರು 24 ಮಿಗ್ರಾಂ. ಕೊನೆಗೆ ಹೆವಿ ಚೈನ್, ಒಟ್ಟು ಸುಮಾರು 34 ಮಿಗ್ರಾಂ, ಆದರೆ ಮೂರು ಪಾಲಿನಲ್ಲಿ. ಬೆಳಿಗ್ಗೆ ಒಂದು, ಸಂಜೆ ಒಂದು, ಮಾರನೇ ಬೆಳಿಗ್ಗೆ ಒಂದು. ರಾಗಿ ಮುದ್ದೆ ಮಾಡುವವರಿಗೆ ಇದು ಹೇಳಿಕೊಡಬೇಕಿಲ್ಲ. ಎಸರಿಗೆ ಹಿಟ್ಟನ್ನು ಒಂದೇ ಸಲ ಸುರಿದು ಕೈ ಬಿಟ್ಟರೆ ಗಂಟಾಗುತ್ತದೆ. ಇಲ್ಲೂ ಅಷ್ಟೇ. ಸಣ್ಣ ಸೂಜಿಯ ಸಿರಿಂಜಿನಲ್ಲಿ, ಬಫರ್ ಜೋರಾಗಿ ತಿರುಗುತ್ತಿರುವ ಜಾಗದ ಹತ್ತಿರ, ಹನಿ ಹನಿಯಾಗಿ ಬಿಡಿ. ಬಿಟ್ಟಾದ ಮೇಲೆ ವೇಗ ಇಳಿಸಿ. ನೊರೆ ಬರಬಾರದು. ನೊರೆಯಲ್ಲಿ ಸಿಕ್ಕ ಪ್ರೋಟೀನ್ ಸತ್ತ ಹಾಗೆ.

4ರಿಂದ 10 ಡಿಗ್ರಿಯಲ್ಲಿ ಎರಡು ಮೂರು ದಿನ ತಿರುಗಲಿ. ಸ್ವಲ್ಪ ಬಿಳಿ ಮೋಡ ಕಟ್ಟಿದರೆ ಗಾಬರಿ ಬೇಡ, ಅದು ಇದ್ದದ್ದೇ. ಮಜ್ಜಿಗೆ ಥರ ಆದರೆ ಮಾತ್ರ ಕೆಟ್ಟಿತು ಅಂತ ತಿಳಿಯಿರಿ. ಪೆಪ್ಟೈಡ್ ಹಾಕದ ಒಂದು ಚಿಕ್ಕ ಫ್ಲಾಸ್ಕ್ ಜೊತೆಯಲ್ಲಿ ಇಟ್ಟರೆ ಒಳ್ಳೆಯದು. ಸರಿಯಾದ ಪೆಪ್ಟೈಡ್ ಇಲ್ಲದೆ ಮೂವರ ಜೋಡಣೆ ನಿಲ್ಲುವುದಿಲ್ಲ. ಆ ಫ್ಲಾಸ್ಕಿನಲ್ಲೂ ಅಷ್ಟೇ ಇಳುವರಿ ಬಂದರೆ ನೀವು ನೋಡುತ್ತಿರುವುದು ಬೇರೆ ಏನೋ.

ಸೋಸುವುದು, ಬಯೋಟಿನ್ ಹಚ್ಚುವುದು

10 ಕಿಲೋಡಾಲ್ಟನ್ ಪೊರೆಯ ಮೇಲೆ ಇಳಿಸಿ ಒಂದು ಲೀಟರನ್ನು 5-10 ಮಿಲೀಗೆ ತನ್ನಿ. ಜೋರಾಗಿ ಸ್ಪಿನ್ ಮಾಡಿ ಗಷ್ಟು ಬಿಡಿ. ನಂತರ ಜೆಲ್ ಫಿಲ್ಟ್ರೇಷನ್ ಕಾಲಂ. ಮೂರು ಗುಡ್ಡ ಬರುತ್ತವೆ: ಮೊದಲು ಗಂಟುಗಟ್ಟಿದ ಕಸ, ನಡುವೆ 45 ಕಿಲೋಡಾಲ್ಟನ್ ಹತ್ತಿರ ನಮ್ಮದು, ಕೊನೆಯಲ್ಲಿ ಜೋಡಿ ಸಿಗದ ಬೀಟಾ-2ಎಂ. ನಡುವಿನದ್ದನ್ನು ಜೆಲ್ ಮೇಲೆ ಓಡಿಸಿದರೆ ಎರಡು ಪಟ್ಟಿ ಕಾಣಬೇಕು, 34 ಮತ್ತು 12ರ ಹತ್ತಿರ. ಲೀಟರಿಗೆ ಕೆಲವೇ ಮಿಗ್ರಾಂ ಬಂದರೂ ಖುಷಿಪಡಿ. ಅಷ್ಟು ಇದ್ದರೆ ನೂರಾರು ಸ್ಟೇನ್ ಆಗುತ್ತದೆ.

ಬಯೋಟಿನ್ ಹಚ್ಚುವುದು ಬಿರ್‌ಎ ಅನ್ನುವ ಎನ್‌ಜೈಮ್. ಅದಕ್ಕೆ ಉಪ್ಪು ಆಗಿಬರುವುದಿಲ್ಲ. ಕಾಲಂನಿಂದ ಬಂದ ಉಪ್ಪಿನ ಬಫರನ್ನು ಬದಲಿಸಿ, ಬಯೋಟಿನ್, ಎಟಿಪಿ, ಮೆಗ್ನೀಸಿಯಂ ಹಾಕಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮತ್ತೆ ಕಾಲಂಗೆ ಹಾಕಲೇಬೇಕು. 'ಒಂದು ಸಲ ಆಯ್ತಲ್ಲ' ಅಂತ ಬಿಟ್ಟರೆ, ಉಳಿದ ಬಿಡಿ ಬಯೋಟಿನ್ ಓಡಿಹೋಗಿ ಸ್ಟ್ರೆಪ್ಟಾವಿಡಿನ್‌ನ ನಾಲ್ಕೂ ಕುರ್ಚಿಯಲ್ಲಿ ಕೂತುಬಿಡುತ್ತದೆ. ಎಚ್‌ಎಲ್‌ಎಗೆ ಜಾಗ ಇರುವುದಿಲ್ಲ.

ಬಯೋಟಿನ್ ಹತ್ತಿದೆಯಾ ಅಂತ ನೋಡಲು ಸುಲಭ ಪರೀಕ್ಷೆ. ಸ್ವಲ್ಪ ಪ್ರೋಟೀನನ್ನು ಜೆಲ್ ಬಫರಿನಲ್ಲಿ ಕುದಿಸಿ, ಆರಿಸಿ, ಆಮೇಲೆ ಸ್ಟ್ರೆಪ್ಟಾವಿಡಿನ್ ಹೆಚ್ಚಾಗಿ ಹಾಕಿ, ಮತ್ತೆ ಕುದಿಸದೆ ಓಡಿಸಿ. 34ರ ಪಟ್ಟಿ ಮೇಲಕ್ಕೆ ಜಿಗಿದಿರಬೇಕು. 10ರಲ್ಲಿ 9 ಪಾಲು ಜಿಗಿದಿದ್ದರೆ ಮುಂದೆ ಹೋಗಿ. ಅರ್ಧ ಮಾತ್ರ ಜಿಗಿದಿದ್ದರೆ ಬಿರ್‌ಎ ಮತ್ತೆ ಹಾಕಿ. ಹೀಗೆ ಸಿಕ್ಕ ಒಂಟಿ ಎಚ್‌ಎಲ್‌ಎ ಜೋಡಣೆಯನ್ನು, ಅಂದರೆ ಮೊನೊಮರ್ ಅನ್ನು, ಮೈನಸ್ 80ರಲ್ಲಿ ಇಡಬಹುದು.

ನಾಲ್ಕನ್ನು ಕೂಡಿಸುವುದು

ಪಿಇ ಅನ್ನುವ ಹೊಳೆಯುವ ಬಣ್ಣ ಅಂಟಿಸಿದ ಸ್ಟ್ರೆಪ್ಟಾವಿಡಿನ್-ಪಿಇ ಸುಮಾರು 300 ಕಿಲೋಡಾಲ್ಟನ್. ನಾಲ್ಕು ಮೊನೊಮರ್ ಅಂದರೆ 184ರ ಹತ್ತಿರ. ಹಾಗಾದರೆ 100 ಮೈಕ್ರೊಗ್ರಾಂ ಮೊನೊಮರಿಗೆ ಸುಮಾರು 160 ಮೈಕ್ರೊಗ್ರಾಂ ಸ್ಟ್ರೆಪ್ಟಾವಿಡಿನ್-ಪಿಇ ಬೇಕು. ಬಾಟಲಿ ಮೇಲಿನ ಲೆಕ್ಕ ಬೇರೆ ಇದ್ದರೆ ಅದನ್ನೇ ನಂಬಿ. ಒಟ್ಟಿಗೆ ಸುರಿಯಬೇಡಿ. ಹತ್ತು ಪಾಲು ಮಾಡಿ, 10 ನಿಮಿಷಕ್ಕೊಂದು ಪಾಲು, ಕತ್ತಲಲ್ಲಿ. ಹೀಗೆ ಮಾಡಿದರೆ ಮೊದಮೊದಲು ಬಂದ ಸ್ಟ್ರೆಪ್ಟಾವಿಡಿನ್‌ಗಳಿಗೆ ನಾಲ್ಕೂ ಕೈ ತುಂಬುತ್ತದೆ. ಒಮ್ಮೆಲೇ ಹಾಕಿದರೆ ಎಲ್ಲರಿಗೂ ಒಂದೋ ಎರಡೋ ಸಿಕ್ಕಿ, ಯಾರಿಗೂ ನಾಲ್ಕು ಸಿಗುವುದಿಲ್ಲ.

ಟೆಟ್ರಾಮರ್ ಫ್ರಿಜ್ಜಿನಲ್ಲಿ, 4 ಡಿಗ್ರಿಯಲ್ಲಿ, ಫಾಯಿಲ್ ಸುತ್ತಿ. ಫ್ರೀಜರಿಗೆ ಯಾವತ್ತೂ ಬೇಡ. ತಣ್ಣಗಿದ್ದಷ್ಟೂ ಒಳ್ಳೆಯದು ಅಂತ ನಾನು ಒಮ್ಮೆ ಮೈನಸ್ 20ರಲ್ಲಿ ಇಟ್ಟಿದ್ದೆ. ಮುಂದಿನ ವಾರ ಪಾಸಿಟಿವ್ ಕಂಟ್ರೋಲಿನಲ್ಲೂ ಒಂದು ಚುಕ್ಕಿ ಬರಲಿಲ್ಲ. ನಮ್ಮ ಲ್ಯಾಬಿನ ಫ್ರಿಜ್ಜಿನ ಮೇಲೆ 'ಇಲ್ಲೇ ಇಡಿ' ಅಂತ ಚೀಟಿ ಬಂದದ್ದು ಆಮೇಲೆ.

ಸ್ಟೇನ್ ಮಾಡುವ ದಿನ

ಟೆಟ್ರಾಮರನ್ನು ಮೊದಲು 14,000 ಜಿಯಲ್ಲಿ 10 ನಿಮಿಷ ಸ್ಪಿನ್ ಮಾಡಿ, ಮೇಲಿನದ್ದು ಮಾತ್ರ ತೆಗೆದುಕೊಳ್ಳಿ. ಅಡಿಯ ಗಂಟುಗಳು ಸಿಕ್ಕಸಿಕ್ಕ ಸೆಲ್‌ಗೆ ಅಂಟುತ್ತವೆ.

ಸೆಲ್‌ಗಳಿಗೆ 50 ನ್ಯಾನೋಮೋಲಾರ್ ಡಸಾಟಿನಿಬ್ ಹಾಕಿ 37 ಡಿಗ್ರಿಯಲ್ಲಿ ಅರ್ಧ ಗಂಟೆ ಇಡಿ. ಹೌದು, ರಕ್ತದ ಕ್ಯಾನ್ಸರಿಗೆ ಕೊಡುವ ಅದೇ ಮಾತ್ರೆಯ ಔಷಧಿ. ಟೆಟ್ರಾಮರ್ ಮುಟ್ಟಿದೊಡನೆ ಟಿ ಸೆಲ್ ತನ್ನ ರಿಸೆಪ್ಟರನ್ನು ಒಳಗೆ ಎಳೆದುಕೊಳ್ಳುತ್ತದೆ. ಇದು ಆ ಎಳೆತವನ್ನು ತಡೆಯುತ್ತದೆ. ಕ್ಯಾನ್ಸರನ್ನು ಗುರುತಿಸುವ ಟಿ ಸೆಲ್‌ಗಳ ಹಿಡಿತ ಹೆಚ್ಚಾಗಿ ಸಡಿಲ, ಹಾಗಾಗಿ ಅಲ್ಲಿ ಈ ಹೆಜ್ಜೆ ಬಿಡಲೇಬೇಡಿ. ಕಾರ್ಡಿಫ್‌ನ ಆಂಡ್ರ್ಯೂ ಸ್ಯೂವೆಲ್ ತಂಡ 2009ರಲ್ಲಿ ಇದನ್ನು ತೋರಿಸಿತು.

ಮುಂದೆ ಟೆಟ್ರಾಮರ್. 10-20 ಲಕ್ಷ ಸೆಲ್, 50 ಮೈಕ್ರೊಲೀಟರ್, 0.5ರಿಂದ 1 ಮೈಕ್ರೊಗ್ರಾಂ, ರೂಮಿನ ಬಿಸಿಯಲ್ಲಿ 20-30 ನಿಮಿಷ. ನಿಖರ ಪ್ರಮಾಣಕ್ಕೆ ಪ್ರತಿ ಬ್ಯಾಚನ್ನೂ ಟೈಟ್ರೇಟ್ ಮಾಡಿ. ಆಮೇಲೆ ಸಿಡಿ8 ಆಂಟಿಬಾಡಿ. ಮುಂಚೆ ಅಲ್ಲ. ಕೆಲವು ಸಿಡಿ8 ಕ್ಲೋನ್‌ಗಳು ಟೆಟ್ರಾಮರಿಗೆ ಅಡ್ಡ ಬರುತ್ತವೆ, ಕೆಲವು ಬೇಡದ್ದನ್ನೂ ಅಂಟಿಸುತ್ತವೆ. ಸತ್ತ ಸೆಲ್ ತೋರಿಸುವ ಬಣ್ಣ ಖಂಡಿತ ಬೇಕು. ಸತ್ತ ಸೆಲ್ ಏನು ಕೊಟ್ಟರೂ ಹಿಡಿದುಕೊಳ್ಳುತ್ತದೆ. ಸಿಡಿ14 (ಮಾನೊಸೈಟ್ ಗುರುತು), ಸಿಡಿ19 (ಬಿ ಸೆಲ್ ಗುರುತು) ಎರಡರ ಆಂಟಿಬಾಡಿಯನ್ನೂ ಒಂದೇ ಬಣ್ಣದಲ್ಲಿ ಹಾಕಿ, ಆ ಬಣ್ಣ ಬಂದದ್ದನ್ನೆಲ್ಲ ಹೊರಗೆ ಎಸೆಯಿರಿ.

ಗಡ್ಡೆಯ ತುಂಡಿನಿಂದ ಸೆಲ್ ಬಿಡಿಸುತ್ತಿದ್ದರೆ ಎನ್‌ಜೈಮ್ ಜಾಸ್ತಿ ಹೊತ್ತು ಬಿಡಬೇಡಿ. ಹೊರಮೈ ಗುರುತುಗಳು ಕತ್ತರಿಸಿಹೋಗುತ್ತವೆ.

ಕಂಟ್ರೋಲ್ ಟ್ಯೂಬುಗಳು ಹೀಗಿರಲಿ. ಪಾಸಿಟಿವ್‌ಗೆ ಎಪ್‌ಸ್ಟೈನ್-ಬಾರ್ ವೈರಸ್ಸಿನ ಜಿ-ಎಲ್-ಸಿ-ಟಿ-ಎಲ್-ವಿ-ಎ-ಎಂ-ಎಲ್ ಹಾಕಿದ ಎ*02:01 ಟೆಟ್ರಾಮರ್. ದೊಡ್ಡವರಲ್ಲಿ 90 ಶೇಕಡಕ್ಕೂ ಹೆಚ್ಚು ಜನಕ್ಕೆ ಈ ವೈರಸ್ ತಗುಲಿರುತ್ತದೆ, ಆದ್ದರಿಂದ ಎ*02:01 ಇರುವ ಆರೋಗ್ಯವಂತರಲ್ಲಿ ಸಾಮಾನ್ಯವಾಗಿ ಕಾಣುತ್ತದೆ. ಎ*11:01ರವರಿಗೆ ಅದೇ ವೈರಸ್ಸಿನ ಐ-ವಿ-ಟಿ-ಡಿ-ಎಫ್-ಎಸ್-ವಿ-ಐ-ಕೆ. ನೆಗೆಟಿವ್‌ಗೆ ಎಚ್‌ಐವಿಯ ಎಸ್-ಎಲ್-ವೈ-ಎನ್-ಟಿ-ವಿ-ಎ-ಟಿ-ಎಲ್ ಇರುವ ಎ*02:01 ಟೆಟ್ರಾಮರ್, ಎಚ್‌ಐವಿ ಇಲ್ಲದವರ ಸೆಲ್ ಮೇಲೆ. ಎ*02:01 ಇಲ್ಲದ ಒಬ್ಬರ ಸೆಲ್ ಮೇಲೆ ಇ7 ಟೆಟ್ರಾಮರನ್ನೂ ಹಾಕಿ ನೋಡಿ. ಅಲ್ಲೂ ಚುಕ್ಕಿ ಬಂದರೆ ನಿಮ್ಮ ಚುಕ್ಕಿ ಸುಳ್ಳು.

ಚುಕ್ಕಿ ಎಣಿಸುವುದು

ಫ್ಲೋ ಸೈಟೋಮೀಟರ್ ಮುಂದೆ ಕೂತಾಗ ಮನಸ್ಸು ಮೋಸ ಮಾಡುತ್ತದೆ. ಗೇಟನ್ನು, ಅಂದರೆ ಪಾಸಿಟಿವ್ ಯಾವುದು ಅಂತ ಎಳೆಯುವ ಗೆರೆಯನ್ನು, ಸ್ವಲ್ಪ ಎಡಕ್ಕೆ ಎಳೆದರೆ ಪಾಸಿಟಿವ್ ಜಾಸ್ತಿ ಬರುತ್ತದೆ ಅಂತ ಬೆರಳಿಗೆ ಗೊತ್ತು. ಅದಕ್ಕೇ ಗೇಟನ್ನು ನೆಗೆಟಿವ್ ಟ್ಯೂಬಿನ ಮೇಲೆ ಮೊದಲು ಹಾಕಿ, ಮುಟ್ಟದೆ ಇಡಿ. ನಂತರ ರೋಗಿಯ ಟ್ಯೂಬ್ ತೆರೆಯಿರಿ.

ಎಣಿಕೆಯ ಲೆಕ್ಕ ಸರಳ. 25 ಚುಕ್ಕಿ ಎಣಿಸಿದರೆ ಏರುಪೇರು 20 ಶೇಕಡ, 100 ಎಣಿಸಿದರೆ 10 ಶೇಕಡ. ಮೂರು ಚುಕ್ಕಿ ನೋಡಿ ಪೇಪರ್ ಬರೆಯಲು ಹೋಗಬೇಡಿ. ಎಚ್‌ಐವಿ ಟೆಟ್ರಾಮರಿನಲ್ಲಿ 0.005 ಶೇಕಡ, ಇ7ರಲ್ಲಿ 0.007 ಶೇಕಡ ಬಂದರೆ ಅದು 'ಇದೆ' ಅಲ್ಲ. ಅನುಮಾನ ಇದ್ದರೆ ಒಂದೇ ಮೊನೊಮರನ್ನು ಪಿಇ ಮತ್ತು ಎಪಿಸಿ, ಎರಡು ಬಣ್ಣದಲ್ಲಿ ಕೂಡಿಸಿ. ನಿಜವಾದ ಟಿ ಸೆಲ್ ಎರಡನ್ನೂ ಹಿಡಿದು ಕರ್ಣದ ಮೇಲೆ ಸಾಲಾಗಿ ನಿಲ್ಲುತ್ತದೆ. ಸುಮ್ನೆ ಅಂಟಿಕೊಂಡದ್ದು ಒಂದೊಂದು ಪಕ್ಕಕ್ಕೆ ಉಳಿಯುತ್ತದೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

ಇ7 ಟಿ ಸೆಲ್‌ಗಳು ರಕ್ತದಲ್ಲಿ ನೇರವಾಗಿ ಕಾಣದೇ ಇರುವುದೇ ಹೆಚ್ಚು. ಆಗ ಪೆಪ್ಟೈಡ್ ಮತ್ತು ಟಿ ಸೆಲ್ ಬೆಳೆಸುವ ಐಎಲ್-2 ಪ್ರೋಟೀನ್ ಹಾಕಿ 10-14 ದಿನ ಬೆಳೆಸಿ, ಮತ್ತೆ ಸ್ಟೇನ್ ಮಾಡುತ್ತಾರೆ. ಮಾಡಿ, ತೊಂದರೆ ಇಲ್ಲ. ಆದರೆ ಆಗ ಬಂದ 2 ಶೇಕಡ ರಕ್ತದಲ್ಲಿದ್ದ ಪ್ರಮಾಣ ಅಲ್ಲ. ನೋಟ್‌ಬುಕ್ಕಿನಲ್ಲಿ 'ಬೆಳೆಸಿದ ಮೇಲೆ' ಅಂತ ಆ ಸಂಖ್ಯೆಯ ಪಕ್ಕದಲ್ಲೇ ಬರೆಯಿರಿ, ಆರು ತಿಂಗಳಾದ ಮೇಲೆ ನೆನಪಿರುವುದಿಲ್ಲ. ಏನೂ ಕಾಣದಿದ್ದರೂ 'ಟಿ ಸೆಲ್ ಇಲ್ಲ' ಅಂತ ಬರೆಯಬೇಡಿ. ತೀರಾ ಸಡಿಲ ಹಿಡಿತದವು ಟೆಟ್ರಾಮರಿಗೂ ಸಿಗುವುದಿಲ್ಲ. ಅದೇ ಸೆಲ್‌ಗಳ ಮೇಲೆ ಒಂದು ಎಲಿಸ್ಪಾಟ್ (ಪೆಪ್ಟೈಡ್ ಕಂಡು ಕೆಲಸಕ್ಕಿಳಿದ ಟಿ ಸೆಲ್‌ಗಳನ್ನು ಎಣಿಸುವ ಪರೀಕ್ಷೆ) ಮಾಡಿ ಹೋಲಿಸಿ.

ಪಾಸಿಟಿವ್ ಸಿಕ್ಕ ದಿನ ಸಾರ್ಟರ್ (ಬಣ್ಣ ನೋಡಿ ಸೆಲ್ ಬೇರೆ ಮಾಡುವ ಮೆಷೀನ್) ಖಾಲಿ ಇದ್ದರೆ ಅವತ್ತೇ ಅವನ್ನು ಬೇರೆ ಮಾಡಿ ರಿಸೆಪ್ಟರ್ ಸೀಕ್ವೆನ್ಸಿಂಗಿಗೆ ಕಳಿಸಿ. ಸಾರ್ಟರ್ ಬುಕಿಂಗ್ ಸ್ಟೇನ್ ಮಾಡುವ ಹಿಂದಿನ ವಾರವೇ ಆಗಿರಬೇಕು. ಮೆಷೀನಿನಿಂದ ಬಂದ ಕೊಳೆ ನೀರಿಗೆ ಹೈಪೋಕ್ಲೋರೈಟ್ ಹಾಕಿ ಅರ್ಧ ಗಂಟೆ ಬಿಟ್ಟು ಚೆಲ್ಲಿ. ಉಳಿದ ಸೆಲ್‌ಗಳನ್ನು ದ್ರವ ಸಾರಜನಕದಲ್ಲಿ ಇಡುವಾಗ ಟ್ಯೂಬಿನ ಮೇಲೆ ಮಾದರಿ ಸಂಖ್ಯೆ, ತಾರೀಕು, ಜೊತೆಗೆ ನಾಲ್ಕು ಅಂಕಿಯ ಎಚ್‌ಎಲ್‌ಎ ಬರೆಯಿರಿ. ಬರೀ 'ಎ2' ಅಂತ ಬರೆದ ಟ್ಯೂಬುಗಳು ನಮ್ಮ ಟ್ಯಾಂಕಿನಲ್ಲಿ ಇನ್ನೂ ನಲವತ್ತು ಇವೆ.